ಕಾಲ ಮೇಲಿನ ಪಿಟೀಲು

"ಎದ್ದೇಳಮ್ಮ. ಇಲ್ಲಿ ಇಂಗೆ ಕುಂತ್ಕಂಡು ನುಡಿಸಂಗಿಲ್ಲ," ಎಂದರು ಅಂತೋಣಿಸಾಮಿ, ಕಮಲಿನಿ ಹಾಸಿದ್ದ ಜಮಖಾನವನ್ನು ತಾವೇ ಸುತ್ತುತ್ತ. ಪಾಲಕೋಡ್ ಪಕ್ಕದ ಆ ಸಣ್ಣ ಚರ್ಚಿಗೆ ಅವರೇ ಕ್ವಾಯರ್ ಮಾಸ್ಟರು. ಪೂಜಾಪೀಠದ ಮುಂದಿನ ಜಾಗಕ್ಕೆ ಅವರೇ ಕಾವಲು.

ಕಮಲಿನಿ ಸೇಲಂನಿಂದ ಬಂದವಳು. ಮುನ್ನೂರು ವರ್ಷಕ್ಕೂ ಹಿಂದೆ ಯೂರೋಪಿನ ಯಾರೋ ಭಕ್ತನೊಬ್ಬ ದೇವಮಾತೆಯ ಜಪಮಾಲೆ ಪ್ರಾರ್ಥನೆಗೆಂದು ಒಂಟಿ ಪಿಟೀಲಿಗೆ ಕಟ್ಟಿದ ಸಂಗೀತವನ್ನು ಮೊಬೈಲಿನಲ್ಲಿ ಕೇಳಿ ಕೇಳಿ, ವರ್ಷವಿಡೀ ತಿಣುಕಿ ಕೈಗೆ ತಂದುಕೊಂಡಿದ್ದಳು. ಜಪಮಾಲೆಯ ತಿಂಗಳಾದ ಅಕ್ಟೋಬರಿನ ಕೊನೆಯ ಸಂಜೆ ನುಡಿಸಿಕೊಡಮ್ಮ ಎಂದು ಫಾದರೇ ಕರೆದಿದ್ದರು. ಆ ಸಂಗೀತವನ್ನು ಅದರ ಸ್ವಂತ ಮನೆಯಲ್ಲಿ ನುಡಿಸುವ ಭಾಗ್ಯ ಇವತ್ತು ತಪ್ಪಿದರೆ ಇನ್ನೆಂದು? ಜನ ಬರುವ ಹೊತ್ತು ಬೇರೆ ಹತ್ತಿರವಾಗುತ್ತಿತ್ತು.

"ನಿಂತು ನುಡಿಸೋಕೆ ಬರಲ್ಲ ಸಾರ್. ನಾನು ಕಲಿತಿರೋದು ಕರ್ನಾಟಕ ಸಂಗೀತ, ನಾವು ಕೂತೇ ನುಡಿಸೋದು."

"ಕೂರದು ಓಗ್ಲಿ. ಪಿಟೀಲ್ ತಲೇನ ಪಾದದ ಮೇಲೆ ಮಡಗ್ತೀಯಲ್ಲ! ದೇವಮಾತೆ ಪಾಟ್ನ ಕಾಲಿಗೆ ತಗಲಿಸದಾ? ಎನ್ನಮ್ಮಾ ಇದು?"

ಕಮಲಿನಿಗೆ ನಗು ಬಂತು. ಮಡಿ ಮಡಿ ಎಂದು ಮನೆಯವರ ಜೀವ ತಿನ್ನುತ್ತಿದ್ದ ಅವಳ ಅಜ್ಜಿ ಕೂಡ ಇಂಥ ತಕರಾರು ತೆಗೆದಿರಲಿಲ್ಲ. ನಗುವಿನ ಬೆನ್ನಿಗೇ ಸಿಟ್ಟೂ ಬಂತು. ಅವಳು ಅಳುಕುವ ಪೈಕಿಯವಳಲ್ಲ.

"ಎಡಗೈ ತಂತಿ ಮೇಲೆ ಸಲೀಸಾಗಿ ಜಾರಬೇಕು ಅಂದ್ರೆ ಪಿಟೀಲನ್ನ ಪಾದ ಹಿಡ್ಕೊಂಡಿರಬೇಕು ಸಾರ್. ಕಾಲು ಬೇಡ ಅಂದ್ರೆ ಹಾಡೂ ಇಲ್ಲ. ಒಂದು ಸಲ ಕಣ್ಣು ಮುಚ್ಕೊಂಡು ಕೇಳಿ. ಆಮೇಲೂ ಬೇಡ ಅಂದ್ರೆ ಬಸ್ಸು ಹತ್ತಿ ಹೋಗ್ಬಿಡ್ತೀನಿ."

ಅಂತೋಣಿಸಾಮಿ ಮೊದಲ ಬೆಂಚಿನಲ್ಲಿ ಬಿಗಿಯಾಗಿ ಕುಳಿತು ಕಣ್ಣು ಮುಚ್ಚಿದರು. ಕಮಲಿನಿ ಬರಿ ಕಲ್ಲಿನ ಮೇಲೆ ಕುಳಿತು, ಬಲಗಾಲು ಮುಂದೆ ಚಾಚಿ, ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿದಳು.

ಸ ನಿ ದ ಪ. ಮೆಟ್ಟಿಲಿಳಿದಂತೆ ನಾಲ್ಕೇ ಸ್ವರ. ಮತ್ತೆ ಅದೇ ನಾಲ್ಕು. ಅವುಗಳ ಮೇಲೆ ಪ್ರತಿಸಲವೂ ಹೊಸದೊಂದು ಎದ್ದು ಕುಣಿಯಿತು, ಅತ್ತಿತು, ಓಡಿತು; ಅಡಿಯಲ್ಲಿ ಆ ನಾಲ್ಕು ಮಾತ್ರ ಬಿಡದೆ ಇಳಿಯುತ್ತಲೇ ಇದ್ದವು. ಹೊರಗೆ ಟೊಮೇಟೊ ಲಾರಿಯೊಂದು ಹಾರ್ನ್ ಬಡಿದುಕೊಂಡು ಹೋಯಿತು. ಕಾಲಿನ ಗಿಣ್ಣು ಕಲ್ಲಿಗೆ ಒತ್ತಿ ಜೀವ ಹೋಗುವಷ್ಟು ನೋಯುತ್ತಿತ್ತು. ಆದರೂ ಚೆನ್ನಾಗಿ ಬರುತ್ತಿದೆ ಎಂದು ಅವಳಿಗೆ ಗೊತ್ತಿತ್ತು; ಆ ಖುಷಿಯ ಮುಂದೆ ನೋವು ಯಾವ ಲೆಕ್ಕ.

ನುಡಿಸಿ ಮುಗಿಸಿ ತಲೆಯೆತ್ತಿದಾಗ ಅಂತೋಣಿಸಾಮಿಯ ಕಣ್ಣು ತೆರೆದೇ ಇತ್ತು. ಅದು ಅವಳ ಪಾದದ ಮೇಲೆ ನೆಟ್ಟಿತ್ತು.

"ಮೇಲೆ ಏನೇನೋ ಆರಾಡ್ತದೆ. ಅಡೀಲಿರದು ಇಳೀತಾನೇ ಐತಲ್ಲಮ್ಮ," ಎಂದರು.

"ಅದರ ಮೇಲೇ ಎಲ್ಲಾ ನಿಂತಿರೋದು ಸಾರ್."

ಅವರು ಎದ್ದು ಪೂಜಾಪೀಠದ ಹಿಂದಿನ ಕೋಣೆಗೆ ಹೋದರು. ಕಮಲಿನಿ ಪಿಟೀಲಿನ ಪೆಟ್ಟಿಗೆಗೆ ಕೈ ಹಾಕದೆ ಕೂತಲ್ಲೇ ಕೂತಳು.

ವಾಪಸು ಬಂದವರ ಕೈಯಲ್ಲಿ ಒಗೆದು ಮಡಿಸಿಟ್ಟಿದ್ದ ಬಿಳಿ ಟವಲ್ ಇತ್ತು. ಬೆಂಚು ಹಿಡಿದು ಕಷ್ಟಪಟ್ಟು ಮಂಡಿಯೂರಿದರು.

"ಕಾಲೆತ್ತು."

"ಅಯ್ಯೋ, ದೊಡ್ಡವರು ನೀವು, ನನ್ನ ಕಾಲ ಹತ್ರ..." ಕಮಲಿನಿ ಪಾದವನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

"ಕಲ್ಲು ಒತ್ತದು ನೋಡ್ದೆ ಕಣಮ್ಮ. ಏಸುಸಾಮಿ ಶಿಷ್ಯರ ಕಾಲ್ ತೊಳ್ದ ನೆಪ್ಪಿಗೆ, ಈಸ್ಟರ್ ಮುಂಚೆ ಬರೋ ಗುರುವಾರ ಫಾದರು ಊರೋರ ಕಾಲ್ ತೊಳ್ದು ಒರೆಸ್ತಾರಲ್ಲ, ಆ ಟವಲ್ ಇದು. ಇದರ್ ಮೇಲೆ ಮಡಗು ಕಾಲ."