ಕಣದಿಂದ ಬರಿಗೈಲಿ

"ಬೂಟು ಬಿಚ್ಚಪ್ಪಾ ಮೊದ್ಲು! ಕಣದ ಮೇಲೆ ಬೂಟಾ?"

ದೊಡ್ಡಗಂಗಮ್ಮ ಹೀಗೆ ಗದರಿದ್ದು ಯಾರನ್ನೋ ಅಲ್ಲ, ಏರೋಪ್ಲೇನು ಓಡಿಸುವವನನ್ನು! ಅದು ಮೂವತ್ತೇಳನೇ ಇಸವಿ, ಸಂಕ್ರಾಂತಿ ಕಳೆದಿತ್ತು. ರೈಲುಕಂಬಿಯನ್ನೇ ನೋಡಿಕೊಂಡು ಮದರಾಸಿನಿಂದ ಬೆಂಗಳೂರಿಗೆ ಹಾರುತ್ತಿದ್ದ ಪುಣ್ಯಾತ್ಮ, ಇಂಜಿನ್ನು ಕೆಮ್ಮತೊಡಗಿದ್ದೇ ಟೇಕಲ್ ಬೆಟ್ಟದ ಮಗ್ಗುಲಲ್ಲಿ ಅವಳ ಗಂಡ ಪೆದ್ದಪ್ಪನ ರಾಗಿ ಹೊಲಕ್ಕೆ ಇಳಿದುಬಿಟ್ಟಿದ್ದ. ಇಂಜಿನ್ನನ್ನೇನೋ ಅವನೇ ರಿಪೇರಿ ಮಾಡಿಕೊಂಡ. ಆದರೆ ಆ ಕೂಳೆ, ಆ ಹೆಂಟೆಗಳ ಮೇಲೆ ಓಡಿ ಮೇಲಕ್ಕೇಳುವುದು ಹೇಗೆ? ನೆಲ ಸಾಪು ಮಾಡುವುದಕ್ಕೆ ಊರಿನವರಿಗೆ ಗೊತ್ತಿದ್ದದ್ದು ಒಂದೇ ದಾರಿ. ಗಂಡಸರು ನೀರು ಚಿಮುಕಿಸಿ, ಎತ್ತು ಕಟ್ಟಿ, ರಾಗಿ ತುಳಿಸುವ ಗುಂಡುಕಲ್ಲು ಉರುಳಿಸಿದರು. ಹೆಂಗಸರು ಸಗಣಿ ಸಾರಿಸಿದರು. ಅಷ್ಟುದ್ದದ ಕಣವನ್ನು ಆ ಸೀಮೆಯಲ್ಲೇ ಯಾರೂ ಕಂಡಿರಲಿಲ್ಲ.

"ಸರೇನಮ್ಮಾ" ಎಂದು ಪೈಲಟ್ಟು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಅವನದು ತೆಲುಗು, ಇವಳದು ಅರ್ಧ ತೆಲುಗು. ಮಾತಿಗೇನೂ ಬರವಿರಲಿಲ್ಲ.

"ನೋಡಪ್ಪಾ, ಕಣದಲ್ಲಿ ದುಡಿದೋರ್ನ ಬರಿಗೈಲಿ ಕಳಿಸಬಾರ್ದು. ಮೊರ ತುಂಬ ರಾಗಿ ಕೊಡ್ಬೇಕು. ನಮ್ ಕಡೆ ಪದ್ಧತಿ. ಈ ಕಣದಲ್ಲಿ ನಿಂಗೋಸ್ಕರ ದುಡಿದೋರು ನಾವು."

"ನನ್ ಹತ್ರ ರಾಗಿ ಎಲ್ಲಿ ಬರ್ಬೇಕಮ್ಮಾ?"

"ರಾಗಿ ನಾನೇ ಕೊಡ್ತೀನಿ. ನೀನು ನನ್ನ ಕೂರಿಸ್ಕೊಂಡು ಮಾಸ್ತಿಗಂಟ ಒಂದು ಸುತ್ತು ಹೊಡ್ಸು."

ಮಾಸ್ತಿ ಎಂದದ್ದೇ ತಡ, ಪೆದ್ದಪ್ಪನ ಮೂಗಿನ ತುದಿ ಕೆಂಪಗಾಯಿತು. ಮಗಳು ಕದಿರಮ್ಮನನ್ನು ಕೊಟ್ಟದ್ದು ಮಾಸ್ತಿಯ ಕೋದಂಡರಾಮಪ್ಪನ ಮನೆಗೆ. ಮದುವೆ ಊಟದಲ್ಲಿ ಆ ಬೀಗರ ಎಲೆಗೆ ಎರಡನೇ ಒಬ್ಬಟ್ಟು ಬರಲಿಲ್ಲ. ಅಷ್ಟೇ! ಅವರು ಎಲೆ ಬಿಟ್ಟೆದ್ದು, "ನಿಮ್ಮೂರಿಗೆ ಇನ್ನು ಕಾಲಿಡಲ್ಲ" ಎಂದರು. ಪೆದ್ದಪ್ಪನೇನು ಕಮ್ಮಿಯೇ? "ನಿಮ್ಮೂರಿಗೆ ನಮ್ಮನೆಯೋರೂ ಕಾಲಿಡಲ್ಲ" ಎಂದು ಮುನೇಶ್ವರನ ಮೇಲೆ ಆಣೆ ಇಟ್ಟ. ಗಂಡಸರ ಈ ಜಂಬದಲ್ಲಿ ಚೊಚ್ಚಲ ಬಾಣಂತನ ತವರಿಗೆ ತಪ್ಪಿತು. ಮೊಮ್ಮಗನಿಗೆ ಮೂರು ತಿಂಗಳಾದರೂ ದೊಡ್ಡಗಂಗಮ್ಮ ಅವನನ್ನು ಕಂಡಿರಲಿಲ್ಲ. ಅವಳು ಹೊಲಿದ ಕೆಂಪು ಕುಲಾವಿ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಅದನ್ನು ತೆಗೆದು ನೋಡಿದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು.

"ಲೇ, ಆಣೆ ಮರ್ತ್ಯಾ? ಆ ಊರಿಗೆ ಕಾಲಿಡಂಗಿಲ್ಲ!" ಪೆದ್ದಪ್ಪ ಗುಡುಗಿದ.

"ನಾನೆಲ್ಲಿ ಕಾಲಿಡ್ತೀನಿ? ಮೇಲಿಂದ ಮೇಲೆ ನೋಡ್ಕೊಂಡ್ ಬರ್ತೀನಿ."

"ಬಿದ್ದು ಸತ್ರೆ?"

"ಸತ್ತೋಳು ಕಾಲೇನು ಇಡ್ತಾಳೆ ಬಿಡು."

ಊರಿಗೆ ಊರೇ ಗೊಳ್ಳೆಂದಿತು. ಅವಳು ಕುಲಾವಿಯನ್ನು ಹಿಡಿ ರಾಗಿಯ ಜೊತೆ ಬಟ್ಟೆಯಲ್ಲಿ ಗಂಟು ಕಟ್ಟಿ, ಸೆರಗು ಸಿಕ್ಕಿಸಿ, ಹತ್ತಿ ಕೂತೇಬಿಟ್ಟಳು.

ಚಕ್ರ ನೆಲ ಬಿಟ್ಟಾಗ "ಅಯ್ಯಯ್ಯಪ್ಪೋ ಮುನೇಶ್ವರಾ!" ಎಂದು ಕಣ್ಣು ಮುಚ್ಚಿದವಳು, ತೆರೆದು ನೋಡಿದರೆ ಟೇಕಲ್ ಬೆಟ್ಟ ಕೆಳಗಿತ್ತು. ಹುಟ್ಟಿದಾಗಿನಿಂದ ಕತ್ತೆತ್ತಿ ನೋಡಿದ ಬೆಟ್ಟ! ಕೆರೆಗಳು ತೊಳೆದು ಬಿಸಿಲಿಗಿಟ್ಟ ತಟ್ಟೆಗಳ ಹಾಗೆ ಹೊಳೆಯುತ್ತಿದ್ದವು. ಅವಳಿಗೆ ನಗು ಬಂತು. ಯಾರಿಗೂ ಕೇಳಿಸದು ಎಂಬ ಧೈರ್ಯಕ್ಕೆ ಬಾಯಿ ತುಂಬ, ಹೊಟ್ಟೆ ತುಂಬ ನಕ್ಕಳು. ಮದುವೆಯಾದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

ಮಾಸ್ತಿ ಬಂತು. ಜೋಡಿ ಹುಣಸೆಮರ, ಪಕ್ಕದಲ್ಲಿ ಬೀಗರ ಹೆಂಚಿನ ಮನೆ. ಸದ್ದಿಗೆ ಊರೆಲ್ಲ ಬೀದಿಗೆ ಬಂದಿತ್ತು. ಆ ಮನೆಯ ಅಂಗಳದಲ್ಲಿ ಮಗು ಎತ್ತಿಕೊಂಡು ಒಬ್ಬಳು ನಿಂತಿದ್ದಳು. "ಕದಿರೀ! ನಾನು ಕಣೇ, ನಿಮ್ಮಮ್ಮ!" ಎಂದು ಇವಳು ಕಿರುಚಿದ್ದು ಗಾಳಿಗೆ ಹೋಯಿತು. ಪೈಲಟ್ಟು ಹುಣಸೆಮರ ಸವರುವಷ್ಟು ಕೆಳಗಿಳಿಸಿದ. ಗಂಟು ಎಸೆದಳು. ಬೀಗರು ಕೋದಂಡರಾಮಪ್ಪ ಪಂಚೆ ಎತ್ತಿಕೊಂಡು ಎತ್ತಿನಗಾಡಿಯ ಕೆಳಗೆ ನುಗ್ಗಿದ್ದನ್ನು ಕಣ್ಣಾರೆ ಕಂಡಳು. ಮಗಳು ಗಂಟು ಬಿಚ್ಚಿ, ಕುಲಾವಿ ಎತ್ತಿ ಆಡಿಸಿದ್ದನ್ನೂ ಕಂಡಳು. ಇಳಿದು ಬಂದಾಗ ಅವಳ ಮುಖವೆಲ್ಲ ಒದ್ದೆ. "ಗಾಳಿ ಕಣಪ್ಪಾ" ಎಂದಳು. ಪೈಲಟ್ಟು ಅವಳು ಕೊಟ್ಟ ಮೊರದ ರಾಗಿಯನ್ನು ಚೀಲಕ್ಕೆ ಸುರಿದುಕೊಂಡು ಬೆಂಗಳೂರಿನ ಕಡೆ ಹಾರಿದ.

ಮಾರನೇ ದಿನ ಊರ ಮುಂದೆ ಮಾಸ್ತಿಯ ಗಾಡಿ ಬಂದು ನಿಂತಿತು. ಕದಿರಮ್ಮ ಧುಮುಕಿ ಓಡಿಬಂದಳು. ತೋಳಲ್ಲಿದ್ದ ಮಗುವಿನ ತಲೆ ಮೇಲೆ ಕೆಂಪು ಕುಲಾವಿ. ದೊಡ್ಡಗಂಗಮ್ಮ ಮೊಮ್ಮಗನನ್ನು ಕಸಿದುಕೊಂಡು ಮುದ್ದಾಡಿದ್ದೇ ಮುದ್ದಾಡಿದ್ದು. ಕೋದಂಡರಾಮಪ್ಪ ಮಾತ್ರ ಗಾಡಿಯಲ್ಲೇ ಗಟ್ಟಿಯಾಗಿ ಕೂತಿದ್ದ.

"ಆಕಾಶದಿಂದ ಉಡುಗೊರೆ ಬಂದ್ರೆ ಬ್ಯಾಡ ಅನ್ನೋಕಾಯ್ತದಾ? ಸೊಸೇನ ಬಿಡೋಕೆ ಬಂದೆ. ನಾನಂತೂ ಈ ಊರಿಗೆ ಕಾಲಿಡಲ್ಲ. ಮಾತು ಅಂದ್ರೆ ಮಾತು" ಎಂದ. ಮೂಗು ಮಾತ್ರ ಪೆದ್ದಪ್ಪನ ಮನೆಯಿಂದ ಒಬ್ಬಟ್ಟಿನ ವಾಸನೆ ಬರುತ್ತಿದ್ದ ಕಡೆಗೇ ತಿರುಗಿತ್ತು.

ಪೆದ್ದಪ್ಪ ಮೊಮ್ಮಗನನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಗಾಡಿಗೆ ಬೆನ್ನು ಕೊಟ್ಟು ಬಗ್ಗಿ ನಿಂತ.

"ಹತ್ತಿ ಬೀಗ್ರೇ. ನಿಮ್ ಕಾಲು ನೆಲ ಮುಟ್ಟದಂಗೆ ನೋಡ್ಕೊಳೋ ಭಾರ ನಂದು."

ಚಪ್ಪಲಿ ಕೈಯಲ್ಲಿ ಹಿಡಿದ ದಪ್ಪ ಬೀಗರನ್ನು ಕೂಸುಮರಿ ಹೊತ್ತು, ಊರೆಲ್ಲ ಕೇಕೆ ಹಾಕುತ್ತಿರಲು, ಪೆದ್ದಪ್ಪ ಹೊಸ ಕಣ ದಾಟಿ ಮನೆಯ ಕಡೆ ನಡೆದ. ನಡುದಾರಿಯಲ್ಲಿ ನಿಂತು, ಜಾರುತ್ತಿದ್ದ ಬೀಗರನ್ನು ಮೇಲಕ್ಕೆ ಎಗರಿಸಿಕೊಂಡು, ಏದುಸಿರು ಬಿಡುತ್ತಾ ಹೇಳಿದ:

"ಅವತ್ತು ಎರಡನೇ ಒಬ್ಬಟ್ಟು ಬರದೇ ಇದ್ದಿದ್ದೇ ಒಳ್ಳೇದಾಯ್ತು ಬೀಗ್ರೇ!"