ಸ್ಟೋರೇಜಿನ ಹೊಸ ಅಡ್ರೆಸ್

ಚೀಲ ಎತ್ತುವ ಕಬ್ಬಿಣದ ಕೊಕ್ಕೆಯ ಹಿಡಿ ಮೂಗಿಗೆ ಅಪ್ಪಳಿಸಿದ್ದೇ ಮಲ್ಲೇಶ ಕುರ್ಚಿಸಮೇತ ಉರುಳಿದ. ಬಾಯಿತುಂಬ ರಕ್ತದ ರುಚಿ.

"ನನ್ನ ಮೆಣಸಿನಕಾಯಿ ಯಾರಿಗೆ ಸಾಗಸಾಕತ್ತೀಲೇ?" ಸಾಹುಕಾರ ಅಮರಗುಂಡಪ್ಪ ಕೊಕ್ಕೆಯ ಮೊನೆಯನ್ನು ಅವನ ಗಂಟಲಿಗಿಟ್ಟ. "ಸ್ಟೋರೇಜಿನ ಅಡ್ರೆಸ್ ಬದಲಾಗತೈತಿ, ಹಳೇದು ಬಂದ್ ಆಗೋದ್ರೊಳಗ ಎಲ್ಲಾ ಹೊಸಾದಕ್ಕ ಹೋಗಬೇಕು ಅಂತ ಫೋನಿನಾಗ ಹೇಳಾಕತ್ತಿದ್ದಿ. ಕಿವಿಯಾರೆ ಕೇಳೀನಿ!"

ಸಿಂಧನೂರಿನ ಆ ವ್ಯಾಪಾರಿಗೆ ಸ್ಟೋರೇಜ್ ಎಂದರೆ ಲಿಂಗಸುಗೂರು ರಸ್ತೆಯಲ್ಲಿ ಮೆಣಸಿನಕಾಯಿ ಇಡುವ ತನ್ನ ಕೋಲ್ಡ್ ಸ್ಟೋರೇಜ್ ಒಂದೇ. ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಮಲ್ಲೇಶನಿಗೆ ಅದು ಹೊಳೆಯುವಷ್ಟರಲ್ಲಿ ಪಕ್ಕೆಗೆ ಒದೆ ಬಿತ್ತು, ಕೊಕ್ಕೆ ಮತ್ತೆ ಮೇಲೆದ್ದಿತು.

"ಮೆಣಸಿನಕಾಯಿದಲ್ರೀ, ಕ್ಯಾಮರಾದ್ದು!" ಅವನು ಏದುಸಿರು ಬಿಟ್ಟ. "ವಿಡಿಯೊ ಇಡೋ ಕ್ಲೌಡ್ ಸ್ಟೋರೇಜ್ ರೀ. ಕಂಪನಿಯವ್ರು ವೆಬ್ ಅಡ್ರೆಸ್ ಬದಲಿ ಮಾಡ್ಯಾರ. ಹೊಸಾದು ನಮ್ಮ ಸಿಸ್ಟಮ್‌ನಾಗ ಹಾಕದಿದ್ರ ರೆಕಾರ್ಡಿಂಗ್ ಅಲ್ಲಿಗೆ ಮುಟ್ಟಂಗಿಲ್ರೀ."

ಮೇಲೆತ್ತಿದ ಕೊಕ್ಕೆ ಗಾಳಿಯಲ್ಲೇ ನಿಂತಿತು. ಅಮರಗುಂಡಪ್ಪ ಮೆಲ್ಲಗೆ ತಲೆಯೆತ್ತಿದ. ಮೂಲೆಯ ಕ್ಯಾಮರಾದಲ್ಲಿ ಕೆಂಪು ದೀಪ ಮಿಣುಕುತ್ತಿತ್ತು.

"ಹಾಕೀಯೇನು?" ದನಿ ಕುಗ್ಗಿತ್ತು.

ಮಲ್ಲೇಶ ಮೇಜು ಹಿಡಿದು ಎದ್ದು, ತೋಳಿನಿಂದ ಮೂಗು ಒರೆಸಿಕೊಂಡು ಪರದೆ ನೋಡಿದ. ಈ ಸಲ ಅವನ ಬಾಯಲ್ಲಿ 'ರೀ' ಬರಲಿಲ್ಲ.

"ಹಾಕೀನಿ. ಹೊಸಾ ಅಡ್ರೆಸ್ಸಿಗೆ ಮುಟ್ಟಿದ ಮೊದಲನೇ ವಿಡಿಯೊ ಇದೇ."