ನಾಲ್ಕು ತಿಂಗಳ ಪಥ್ಯ

ಲಿವರ್ ಕೆಟ್ಟಿದೆ, ಹೀಗೇ ಕುಡಿದರೆ ಇನ್ನೊಂದು ವರ್ಷವೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ಕೆಂಪರಾಜು ಕುಡಿತ ಬಿಟ್ಟ. ಅಂದು ಹೆಂಡತಿ ಪುಷ್ಪಲತಾ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಅತ್ತಿದ್ದಳು. ನಾಲ್ಕು ತಿಂಗಳು ಕಳೆದವು. ಅವನ ಕೈ ನಡುಗುವುದು ನಿಂತಿತು, ಊಟ ಸೇರತೊಡಗಿತು.

ಹೊಸ ಕಾರು ಕೊಂಡ ಖುಷಿಗೆ ಪುಷ್ಪಲತಾಳ ಅಣ್ಣ ನೆಂಟರನ್ನೆಲ್ಲ ಬಾಡೂಟಕ್ಕೆ ಕರೆದ. ಮಹಡಿಯ ಮೇಲೆ ಗಂಡಸರು ಗ್ಲಾಸು ಹಿಡಿದು ಕೂತಿದ್ದರು. ಕೆಂಪರಾಜು ತನಗೆ ಬೇಡವೆಂದ.

"ಗಂಡಸರ ಸಾಲಲ್ಲಿ ಕೂತ್ಕೊಂಡು ಬೇಡ ಅಂತೀಯಲ್ಲಯ್ಯ," ಎಂದ ಭಾವ. "ಕೆಳಗೆ ಹೋಗಿ ಹೆಂಗಸರ ಜೊತೆ ಕೂತ್ಕೊ."

"ಮಾತ್ರೆ ತಗೋತಿದೀನಿ ಭಾವ."

"ಇಲ್ಲಿರೋರೆಲ್ಲ ಮಾತ್ರೆ ನುಂಗೋರೇ. ನಮಗಿಲ್ಲದ ಸಾವು ನಿನಗೊಬ್ಬನಿಗೇ ಬರುತ್ತಾ?"

ಎಲ್ಲರೂ ನಕ್ಕರು. ಯಾರೋ ಒಬ್ಬ ಕೆಳಗಿನಿಂದ ಒಂದು ಲೋಟ ಹಾಲು ತರಿಸಿ, ಮಗುವಿನ ಮುಂದೆ ಇಡುವಂತೆ ಅವನ ಮುಂದಿಟ್ಟ. ಕೆಂಪರಾಜುವಿನ ಕಿವಿ ಬಿಸಿಯಾಯಿತು. ಆದರೂ ಭಾವ ತುಂಬಿಸಿಟ್ಟ ಗ್ಲಾಸನ್ನು ಅವನು ಮುಟ್ಟಲಿಲ್ಲ.

ಅಷ್ಟರಲ್ಲಿ ಪುಷ್ಪಲತಾ ಕಬಾಬಿನ ತಟ್ಟೆ ಹಿಡಿದು ಮೇಲೆ ಬಂದಳು. ಅವಳನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು.

"ನೀನಾದ್ರೂ ಹೇಳೇ ಇವ್ರಿಗೆ," ಎಂದ.

ಅವಳು ತಟ್ಟೆ ಕೆಳಗಿಟ್ಟು, ನಗುತ್ತಿದ್ದ ಮುಖಗಳನ್ನು ಒಮ್ಮೆ ನೋಡಿದಳು. ಹಾಲಿನ ಲೋಟವನ್ನು ಆಚೆ ಸರಿಸಿ, ಅಣ್ಣ ತುಂಬಿಸಿಟ್ಟಿದ್ದ ಗ್ಲಾಸನ್ನು ಗಂಡನ ಕೈಗಿತ್ತು ಪಿಸುಗುಟ್ಟಿದಳು:

"ಕುಡೀರಿ. ತವರಿನೋರ ಮುಂದೆ ನನ್ನ ಮಾನ ಕಳೀಬೇಡಿ."